ಹಿಮ್ಮಡಿ ಬಡಿದಾಗ ಪಿಸು ಸುಮ್ಮನಿರಬೇಕು

ಜನವರಿ ೮

ತಂಗೀ,

ಕೇಳಿಸಿಕೋ! ಕಾಗದವೇ ಆದರೂ ಕೇಳಿಸಿಕೋ! ಕಟ್ಟಕಡೆಯ ಬೆಂಚಿನಲ್ಲಿ ತೂಕಡಿಸುವವನೂ ಬೆಚ್ಚಿ ಏಳುವ ಹಾಗೆ ಮಾತಾಡಿ ಬದುಕಿದವನು ನಾನು. ಒಂದು ಲಕೋಟೆ ನನ್ನ ದನಿಯನ್ನು ತಡೆದೀತೆ? ಫೋನ್ ಮಾಡು ಎಂದು ಬರೆದಿದ್ದೀ. ಮಾಡುವುದಿಲ್ಲ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ. ಕಾಗದದಲ್ಲಿ ನನ್ನ ಮಾತು ಮುಗಿಯುವವರೆಗೆ ತೆಪ್ಪಗೆ ಕೂತಿರಲೇಬೇಕು.

ನಿನ್ನ ವೆಬ್‌ಸೈಟು ನೋಡಿದೆ. ನಮ್ಮ ದೀಪದವನು, ಅದೇ, ರಂಗದ ಮೇಲೆ ನನ್ನ ಮುಖವೊಂದನ್ನು ಬಿಟ್ಟು ಕಂಬ, ಕುರ್ಚಿ, ಪರದೆಯ ತೂತು ಎಲ್ಲಕ್ಕೂ ಬೆಳಕು ಬಿಡುವ ಮಹಾನುಭಾವ, ಅವನ ಫೋನಿನಲ್ಲಿ ತೋರಿಸಿದ. ಇದಕ್ಕೇನಾ ನೀನು ವರ್ಷಗಟ್ಟಲೆ ರಜಾ ದಿನಗಳನ್ನು ಸುಟ್ಟದ್ದು? ಹಗಲೆಲ್ಲ ಲ್ಯಾಬಿನಲ್ಲಿ ಕೂತು ಕಂಡವರ ಬಾಯಿಗೆ ಹಲ್ಲಿನ ಸೆಟ್ಟು ಮಾಡುತ್ತೀ, ಅದು ಹೊಟ್ಟೆಪಾಡು, ಒಪ್ಪಿದೆ. ಮನೆಗೆ ಬಂದ ಮೇಲೂ ಇದೇನು ಕರ್ಮ? ಹಲ್ಲಿನ ಬಣ್ಣ ಹೊಂದಿಸಿ ನೋಡುವ ಪ್ರೋಗ್ರಾಮಂತೆ. ಒಂದೇ ಪದವನ್ನು ಎರಡು ಸಲ ಬರೆದಿದ್ದರೆ ಹಿಡಿದುಕೊಡುವ ಪ್ರೋಗ್ರಾಮಂತೆ. ಪ್ಲಾಸ್ಟರ್ ಗಟ್ಟಿಯಾಯಿತು ಎಂದು ಕೂಗುವ ಗಡಿಯಾರವಂತೆ! ಪುಟದ ಅಡಿಯಲ್ಲಿ ದೊಡ್ಡದಾಗಿ, "ಈ ತಾಣವನ್ನು ಕೈಯಾರೆ ಬರೆದದ್ದು" ಎಂಬ ಘೋಷಣೆ ಬೇರೆ. ಕೈಯಲ್ಲಲ್ಲದೆ ಕಾಲಲ್ಲಿ ಬರೆಯುತ್ತಾರೇನೇ?

ಅದರ ಕೆಳಗೆ ಇನ್ನೊಂದು ಸಾಲು. "ಯಾರು ಬೇಕಾದರೂ ತೆಗೆದುಕೊಳ್ಳಿ, ಒಳಗೆ ಹೇಗಿದೆ ನೋಡಿ, ತಿದ್ದಿ, ಹಂಚಿ." ಬೀದಿ ನಲ್ಲಿಗೂ ಇದಕ್ಕಿಂತ ಮರ್ಯಾದೆಯಿದೆ. ನಲ್ಲಿಯ ಮುಂದೆ ಕೊನೇ ಪಕ್ಷ ನಾಲ್ಕು ಕೊಡಗಳಾದರೂ ಸಾಲು ನಿಂತಿರುತ್ತವೆ.

ಇಷ್ಟನ್ನೂ ಕ್ಷಮಿಸಬಹುದಿತ್ತು. ಆದರೆ "ಪಿಸು"! ಏನಿದು ಪಿಸು? ನಾಟಕದ ಮಾತನ್ನೆಲ್ಲ ಫೋನಿಗೆ ತುಂಬಿ, ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಕಿವಿಗೊಂದು ಗುಂಡಿ ತುರುಕಿಕೊಂಡರೆ, ನಟ ಮಾತು ಮರೆತು ನಿಂತಾಗ ಅದು ಮುಂದಿನ ಎರಡು ಪದ ಪಿಸುಗುಟ್ಟುತ್ತದಂತೆ. ನಮ್ಮ ಪಿಸುಮಾಸ್ತರರ ಹೆಸರನ್ನು ಒಂದು ಯಂತ್ರಕ್ಕೆ ಇಟ್ಟಿದ್ದೀಯಲ್ಲ, ನಾಚಿಕೆ ಇದೆಯೇ? ಸೈಡ್‌ವಿಂಗಿನಲ್ಲಿ ಆ ಮೋಟು ಸ್ಟೂಲಿನ ಮೇಲೆ ಕೂತು, ಪುಸ್ತಕ ಹಿಡಿದು, ನನ್ನ ತುಟಿ ನೋಡಿಯೇ ಮುಂದಿನ ಮಾತು ತಲುಪಿಸುತ್ತಿದ್ದ ಮನುಷ್ಯ. ಅವರು ತೀರಿಕೊಂಡ ಮೇಲೆ ಆ ಸ್ಟೂಲಿನ ಮೇಲೆ ಯಾರನ್ನೂ ಕೂರಿಸಿಲ್ಲ. ಕೂರಿಸುವುದೂ ಇಲ್ಲ. ನನಗೆ ಪ್ರಾಂಪ್ಟರ್ ಬೇಕಾಗಿಲ್ಲ.

ಮಾರ್ಚ್ ಹತ್ತೊಂಬತ್ತಕ್ಕೆ ನಮ್ಮ ರಂಗಮಂದಿರ ರಿಪೇರಿ ಮುಗಿದು ಮತ್ತೆ ತೆರೆಯುತ್ತದೆ. "ಕೋಟೆಯ ಬಾಗಿಲು" ಆಡುತ್ತೇವೆ. ಸೇನಾಪತಿ ನಾನು, ಮತ್ತ್ಯಾರು? ರಾಜನ ಪಾತ್ರಕ್ಕೆ ನನ್ನ ಅಳಿಯ. ಗಂಟಲಿಲ್ಲದ ಗಂಡು! ಕಳೆದ ಪ್ರಯೋಗದಲ್ಲಿ ಎರಡನೇ ಅಂಕದ ನಡುವೆ ಮಾತು ಮರೆತು ಕಂಬದ ಹಾಗೆ ನಿಂತುಬಿಟ್ಟ. ನಾನಲ್ಲದಿದ್ದರೆ ಪರದೆ ಇಳಿಸಬೇಕಾಗುತ್ತಿತ್ತು. ಅಂಥವನು ನನ್ನ ಸೇನಾಪತಿ ಪಾತ್ರದ ಮೇಲೆ ಕಣ್ಣಿಟ್ಟಿದ್ದಾನೆ. ಮಗಳೂ ಅವನ ಕಡೆಗೇ. "ಅಪ್ಪಾ, ನಿಮಗ್ಯಾಕೆ ಈ ವಯಸ್ಸಲ್ಲಿ ಇಷ್ಟು ಶ್ರಮ" ಅಂತಾಳೆ. ಇನ್ನೊಂದು ಸಲ ಯಾರಾದರೂ ತಡವರಿಸಿದರೆ ಪಾತ್ರ ಹಂಚಿಕೆಯನ್ನೇ ಬದಲಿಸಬೇಕು ಅಂತ ಮಂಡಳಿಯಲ್ಲಿ ಗುಸುಗುಸು. ಯಾರಾದರೂ ಅಂತೆ!

ನೀನು ಮಾಡಿಕೊಟ್ಟ ಹಲ್ಲು "ಸ" ಅಂದರೆ ಶಿಳ್ಳೆ ಹೊಡೆಯುತ್ತದೆ. "ಸೇನಾಪತಿ" ಅನ್ನುವ ಪದವನ್ನೇ ಶಿಳ್ಳೆ ಹಾಕಿ ಹೇಳಬೇಕೇ?

ನಿನ್ನ ಅಣ್ಣ

ಮತ್ತೊಂದು: ಆ ಪಿಸು ಹಳೇ ಫೋನಿನಲ್ಲೂ ನಡೆಯುತ್ತದೆಯೇ ಎಂದು ದೀಪದವನು ಕೇಳಿದ. ನನಗೇನು, ಕೇಳಿದ, ಬರೆದೆ.


ಜನವರಿ ೨೦

ಅಣ್ಣಾ,

ನಿನ್ನ ಕಾಗದ ಬಂತು. ಲಕೋಟೆ ಒಡೆಯುವ ಮೊದಲೇ ಕೂಗು ಕೇಳಿಸಿತು. ಓದಿ ಮುಗಿಸುವಷ್ಟರಲ್ಲಿ ಒಂದು ಕೆಳದವಡೆಯ ಮೇಣ ತಣ್ಣಗಾಗಿ ಹಾಳಾಯಿತು. ಇಷ್ಟು ನಷ್ಟ ನಿನ್ನ ನಾಟಕ ನೋಡಿದವರಿಗೂ ಆಗಿರಲಿಕ್ಕಿಲ್ಲ.

ನನ್ನ ಮೇಜು ನಿನಗೆ ಗೊತ್ತಿಲ್ಲ. ಈ ಮನೆಗೆ ನೀನು ಬಂದವನೇ ಅಲ್ಲ. ಕಿಟಕಿಯ ಪಕ್ಕ ಒಂದು ಮೇಜು, ಅದರ ಮೇಲೆ ಲ್ಯಾಬಿನವರು ಬಿಸಾಕಿದ ಕಂಪ್ಯೂಟರು, ಕೀಲಿಮಣೆಯ ಸಂದಿಯಲ್ಲೆಲ್ಲ ಪ್ಲಾಸ್ಟರಿನ ಬಿಳಿ ಧೂಳು. ನನ್ನ ಬೆರಳಿನಿಂದ ಅದು ಎಷ್ಟು ತೊಳೆದರೂ ಹೋಗುವುದಿಲ್ಲ. ಇಡೀ ತಾಣ ಆ ಕಂಪ್ಯೂಟರಿನಲ್ಲೇ ಇದೆ. ಪುಟದ ಹಿನ್ನೆಲೆಯ ಬಣ್ಣ ಬದಲಿಸುತ್ತಾ ಒಂದು ರವಿವಾರ ಕಳೆದೆ. ಕೊನೆಗೆ ಮೊದಲಿದ್ದ ಬಣ್ಣಕ್ಕೇ ಬಂದೆ. ಸುಖವಾಗಿತ್ತು. ನೀನು ಕನ್ನಡಿಯ ಮುಂದೆ ಮೀಸೆ ಅಂಟಿಸಿ, ಕಿತ್ತು, ಮತ್ತೆ ಅದನ್ನೇ ಅಂಟಿಸಿಕೊಳ್ಳುತ್ತಿದ್ದೆಯಲ್ಲ, ಅದೇ ಸುಖ. ಆದರೆ ನನ್ನದನ್ನು ನೋಡಿ ಅಂತ ಯಾರಿಗೂ ಟಿಕೆಟ್ ಮಾರುವುದಿಲ್ಲ.

ದೀಪದವನಿಗೆ ಹೇಳು, ಹಳೇ ಫೋನಿನಲ್ಲೂ ನಡೆಯುತ್ತದೆ. ಅಳಿಯ ಮಾತು ಮರೆಯುವುದು ನಿಜವಾದರೆ ಅವನಿಗೇ ಹಾಕಿಕೊಡಲಿ. ಪಾಪ, ನಿನ್ನ ಎದುರು ನಿಂತರೆ ಯಾರಿಗಾದರೂ ಮರೆತೀತು.

ಒಂದು ಸಂತೋಷದ ಸುದ್ದಿ. ಪಿಸುವಿಗೆ ಒಬ್ಬ ಬಳಕೆದಾರ ಸಿಕ್ಕಿದ್ದಾನೆ! ಪ್ರತಿ ಪ್ರೋಗ್ರಾಮಿಗೂ ದೂರು ಬರೆಯುವ ಒಂದು ಪುಟ ಇಟ್ಟಿದ್ದೇನೆ. ಇಷ್ಟು ವರ್ಷ ಅಲ್ಲಿ ಜೇಡರ ಬಲೆ. ಹೋದ ವಾರ "ಪರದೆ ಹಿಂದಿನವನು" ಅನ್ನುವ ಹೆಸರಲ್ಲಿ ಒಬ್ಬ ಬರೆದಿದ್ದಾನೆ, ಕೇಳು:

"ಈ ಯಂತ್ರ ಬರೆದವರಿಗೆ. ಬದುಕಿನಲ್ಲಿ ಒಮ್ಮೆಯಾದರೂ ನಾಟಕ ನೋಡಿದ್ದೀರಾ? ನಟ ಕೆಮ್ಮಿದರೆ ಅದನ್ನೂ ಮಾತೆಂದು ತಿಳಿದು ನಿಮ್ಮ ಪಿಸು ಮುಂದಿನ ಸಾಲಿಗೆ ಹಾರುತ್ತದೆ. ಕೆಮ್ಮುವವನು ಮುಗಿಸಲಿ ಎಂದು ಬೀದಿ ನಾಯಿಯೂ ಕಾಯುತ್ತದೆ. ತಿದ್ದಿ."

ಎಂಥ ಸೊಕ್ಕು! ಯಾವುದೋ ಬಡ ಮಂಡಳಿಯಲ್ಲಿ ಕಾವಲುಗಾರನ ಪಾತ್ರ ಮಾಡುವ ಪಡ್ಡೆ ಹುಡುಗನಿರಬೇಕು. ನಿನ್ನಂಥ ಯಾರನ್ನೋ ನೋಡಿ ಬೈಯುವುದು ಕಲಿತಿದ್ದಾನೆ. ಆದರೂ ಅವನ ಮಾತು ಸರಿ. ಹೋದ ರವಿವಾರವಿಡೀ ಕಂಪ್ಯೂಟರಿನ ಮುಂದೆ ಕೂತು ಕೆಮ್ಮಿದೆ, ಕೆಮ್ಮಿಗೂ ಮಾತಿಗೂ ವ್ಯತ್ಯಾಸ ಕಲಿಸಲಿಕ್ಕೆ. ಪಕ್ಕದ ಮನೆಯಾಕೆ ಔಷಧದ ಬಾಟಲಿ ಹಿಡಿದು ಓಡಿ ಬಂದಳು. ಈಗ ಸರಿಹೋಗಿದೆ.

ಹಲ್ಲು ಶಿಳ್ಳೆ ಹೊಡೆಯುವುದು ನೀನು ಅರದಿಂದ ಉಜ್ಜಿಕೊಂಡದ್ದಕ್ಕೆ. ಇಲ್ಲ ಅನ್ನಬೇಡ. ವಾಪಸು ಕಳಿಸು, ಹೊಸದು ಮಾಡುತ್ತೇನೆ.

ತಂಗಿ


ಫೆಬ್ರವರಿ ೨

ತಂಗೀ,

ಪಡ್ಡೆ ಹುಡುಗ! ಕಾವಲುಗಾರನ ಪಾತ್ರ! ಒಬ್ಬ ಮನುಷ್ಯನ ನಾಲ್ಕು ಸಾಲು ಓದಿ ಅವನ ಯೋಗ್ಯತೆ ಅಳೆಯುವವಳು ನೀನು. ಆ ಸಾಲುಗಳ ಗತ್ತು ನೋಡು, ಗಮಕ ನೋಡು. ಅವನು ಯಾರೋ ದೊಡ್ಡ ನಟನೇ ಇರಬೇಕು. ನನಗೆ ಅವನ ಗುರುತಿಲ್ಲ, ಇರಬೇಕಾದ ಅಗತ್ಯವೂ ಇಲ್ಲ. ಆದರೂ ಅಂಥವನೊಬ್ಬ ನಿನ್ನ ಯಂತ್ರವನ್ನು ಮುಟ್ಟಿದನಲ್ಲ, ಅದಕ್ಕೆ ನನಗೆ ಅವನ ಮೇಲೇ ಅಸಹ್ಯ. ಎಂಥ ಸಿಂಹಕ್ಕೆ ಎಂಥ ಊರುಗೋಲು!

ಹಾಗೆಂದು ಅವನು ಕೇಳದ ಪ್ರಶ್ನೆಯನ್ನು ನಾನು ಕೇಳುತ್ತೇನೆ, ಬರೀ ನಿನ್ನ ಅಜ್ಞಾನ ಬಯಲು ಮಾಡಲಿಕ್ಕೆ. ನಿನ್ನ ಪಿಸುವಿಗೆ ಮೌನಕ್ಕೂ ಮರೆವಿಗೂ ವ್ಯತ್ಯಾಸ ಗೊತ್ತೇ?

ಮೂರನೇ ಅಂಕ ನೆನಪಿಸಿಕೋ. ಶತ್ರುವಿಗೆ ಕೋಟೆಯ ಬಾಗಿಲು ತೆರೆದವನು ಸೇನಾಪತಿಯ ಸ್ವಂತ ಮಗ. ಅದು ಅಪ್ಪನೊಬ್ಬನಿಗೇ ಗೊತ್ತು. ತುಂಬಿದ ಸಭೆಯಲ್ಲಿ ರಾಜ ಕೇಳುತ್ತಾನೆ, "ಬಾಗಿಲು ತೆರೆದವರು ಯಾರು?" ನಾನು ನಿಲ್ಲುತ್ತೇನೆ. ಮಾತಿಲ್ಲ. ಸಭೆಯೂ ಇಲ್ಲ, ರಾಜನೂ ಇಲ್ಲ, ಫ್ಯಾನು ತಿರುಗುವ ಸದ್ದು ಮಾತ್ರ. ಎದುರಿಗೆ ಕೂತವರ ಕೈಯಲ್ಲಿ ಬೀಸಣಿಗೆ ನಿಲ್ಲುತ್ತದೆ. ಆಮೇಲೆ ಎರಡೇ ಪದ: "ನನ್ನ ಮಗ." ಈ ಮೌನ ನೋಡಲಿಕ್ಕೆಂದೇ ಜನ ಎರಡೆರಡು ಸಲ ಬರುತ್ತಾರೆ. ಇಂಥ ಮೌನದ ನಡುವೆ, ತಗಡಿನ ಡಬ್ಬಿಯಲ್ಲಿ ಸಿಕ್ಕಿಬಿದ್ದ ಕಣಜದ ಹಾಗೆ, ಆ ದರಿದ್ರ ದನಿ ಕಿವಿಯೊಳಗೆ "ನನ್ನ ಮಗ, ನನ್ನ ಮಗ" ಎಂದು ಗುಂಯ್‌ಗುಟ್ಟಿದರೆ ನಟ ಏನು ಮಾಡಬೇಕು? ಯಂತ್ರ ಕಿತ್ತು ನಿನ್ನ ತಲೆಗೆ ಎಸೆಯಬೇಕೇ?

ಉತ್ತರ ಬೇಗ ಬರೆ. ನನಗೆ ಬೇಕಂತಲ್ಲ.

ಮಗಳು ನಿನಗೆ ಫೋನ್ ಮಾಡಿದರೆ ನಂಬಬೇಡ. ಅವಳು ಗಂಡನ ಬಾಯಲ್ಲಿ ಮಾತಾಡುತ್ತಾಳೆ.

ಅಣ್ಣ


ಫೆಬ್ರವರಿ ೧೪

ಅಣ್ಣಾ,

ತಗಡಿನ ಡಬ್ಬಿಯ ಕಣಜ. ನಗು ಬಂತು, ಯಾಕೆಂದರೆ ಅದರ ದನಿ ಹಾಗೆಯೇ ಇದೆ. ಕಿವಿಗೆ ಗುಂಡಿ ಹಾಕಿಕೊಳ್ಳದೆ, ಒಂದು ಸಲವೂ ಕೇಳದೆ, ಇಷ್ಟು ಕರಾರುವಾಕ್ಕಾಗಿ ಬೈಯುವ ಶಕ್ತಿ ಲೋಕದಲ್ಲಿ ನಿನಗೊಬ್ಬನಿಗೇ ಇರಬೇಕು.

ಕಾಕತಾಳೀಯ ನೋಡು. ನಿನ್ನ ಕಾಗದ ಬಂದ ದಿನವೇ ಪರದೆ ಹಿಂದಿನವನೂ ಬರೆದ. "ಮೌನಕ್ಕೂ ಮರೆವಿಗೂ ವ್ಯತ್ಯಾಸ ತಿಳಿಯದ ಯಂತ್ರವನ್ನು ರಂಗಕ್ಕೆ ತರುವುದು ಕಟುಕನನ್ನು ವೀಣೆಗೆ ಕೂರಿಸಿದ ಹಾಗೆ" ಅಂತೆ. ಕೊನೆಯಲ್ಲಿ, ಸಣ್ಣದಾಗಿ, "ದಯವಿಟ್ಟು ಬೇಗ" ಅಂತಲೂ ಇತ್ತು. ಅವನು ದಯವಿಟ್ಟು ಅಂದದ್ದು ಇದೇ ಮೊದಲು. ಅದನ್ನು ಎರಡು ಸಲ ಓದಿದೆ.

ಮಗಳು ಫೋನ್ ಮಾಡಿದ್ದಳು. ಅವಳು ಏನಂದಳು ಅಂತ ಬರೆಯುವುದಿಲ್ಲ. ಎರಡನೇ ಅಂಕದಲ್ಲಿ ನಿಂತುಬಿಟ್ಟದ್ದು ಯಾರು ಅಂತ ನಾನು ಅವಳನ್ನು ಕೇಳಲೂ ಇಲ್ಲ.

ನಿನ್ನ ಪ್ರಶ್ನೆಗೆ ಉತ್ತರ: ಗೊತ್ತಿಲ್ಲ. ಯಂತ್ರಕ್ಕೆ ಮೌನ ಅಂದರೆ ಮೌನ. ಅದರ ಒಳಗೆ ಮಹಾನಟ ನಿಂತಿದ್ದಾನೋ, ಮಾತು ಕಳಕೊಂಡ ಮುದುಕ ನಿಂತಿದ್ದಾನೋ, ಅದಕ್ಕೆ ಎರಡೂ ಒಂದೇ.

ನಿನ್ನ ಮಾತೆಲ್ಲ ಯೋಚಿಸಿದೆ. ನೀನು ಹೇಳುವುದೇ ಸರಿ ಇರಬಹುದು. ಲ್ಯಾಬಿನಲ್ಲಿ ಕೆಲಸ ಹೆಚ್ಚಾಗಿದೆ, ಬೆರಳಿನ ಗೆಣ್ಣು ನೋಯುತ್ತದೆ, ಕಂಪ್ಯೂಟರು ಮುಲುಗುತ್ತದೆ. ಯಾರಿಗೂ ಬೇಡದ ಅಂಗಡಿ ಯಾಕೆ? ತಿಂಗಳ ಕೊನೆಗೆ ತಾಣ ಮುಚ್ಚುತ್ತೇನೆ. ಮೊದಲು ಪಿಸು ತೆಗೆಯುತ್ತೇನೆ. ಪಿಸುಮಾಸ್ತರರ ಹೆಸರೂ ಉಳಿಯುತ್ತದೆ, ನಿನಗೂ ಸಮಾಧಾನ.

ತಂಗಿ


ಫೆಬ್ರವರಿ ೨೧

ಹೇಡಿ!

ಮುಚ್ಚುತ್ತಾಳಂತೆ! ನಡು ಅಂಕದಲ್ಲಿ ಪರದೆ ಇಳಿಸುವ ಜಾತಿಯೇನೇ ನಮ್ಮದು? ರಂಗದ ಮೇಲೆ ಕಾಲಿಗೆ ಮೊಳೆ ಚುಚ್ಚಿ ರಕ್ತ ಹರಿಯುವಾಗಲೂ ಹಾಡು ಮುಗಿಸಿದ್ದಾನೆ ನಮ್ಮ ಅಪ್ಪ. ಅವನ ಮಗಳು ಬೆರಳಿನ ಗೆಣ್ಣು ನೋವು ಅಂತಾಳೆ! ಎರಡು ದಿನ ಬಿಸಿನೀರಿನಲ್ಲಿ ಕೈ ಇಡು. ಅಣ್ಣ ನಾಲ್ಕು ಮಾತು ಬೈದನೆಂದು ಅಂಗಡಿ ಮುಚ್ಚುವವಳು ಅಂಗಡಿ ತೆರೆದದ್ದಾದರೂ ಯಾಕೆ? ನಾನು ಬೈಯುವುದು ನನ್ನ ಸ್ವಭಾವ. ಬೈಗುಳ ಕೇಳಿ ಓಡುವುದು ನಿನ್ನ ಅಲ್ಪತನ.

ಆ ಪರದೆ ಹಿಂದಿನವನ ಗತಿ ಏನು? ಯೋಚಿಸಿದೆಯಾ? ಅವನು ನಿನ್ನನ್ನು ನಂಬಿ ಕೂತಿದ್ದಾನೆ. ಅವನಿಗೆ ಮಾರ್ಚ್ ಹತ್ತೊಂಬತ್ತಕ್ಕೆ ಪ್ರಯೋಗವಿದ್ದರೆ? ಅವನ ಪಾತ್ರವನ್ನು ಕಿತ್ತುಕೊಳ್ಳಲಿಕ್ಕೆ ಮನೆಯವರೇ ಕಾಯುತ್ತಿದ್ದರೆ? ಬೆಳಗ್ಗೆ ಎದ್ದು ಕನ್ನಡಿಯ ಮುಂದೆ ಇಡೀ ಮೂರನೇ ಅಂಕ ಗಡಗಡ ಒಪ್ಪಿಸುತ್ತಾನೆ, ಒಂದು ಅಕ್ಷರ ತಪ್ಪುವುದಿಲ್ಲ. ಮಧ್ಯಾಹ್ನ ತಾಲೀಮಿಗೆ ನಿಂತರೆ ಅದೇ ಮಾತು, ಸಾವಿರ ಸಲ ಆಡಿದ ಮಾತು, ಬಾಗಿಲು ಹಾಕಿಕೊಂಡು ಒಳಗೆ ಕೂತುಬಿಡುತ್ತದೆ, ಎಷ್ಟು ತಟ್ಟಿದರೂ ತೆರೆಯುವುದಿಲ್ಲ. ಹಾಗಾದರೆ ಅವನು ಯಾರ ಹತ್ತಿರ ಹೇಳಿಕೊಳ್ಳಬೇಕು?

ನನಗೆ ಇದೆಲ್ಲ ಹೇಗೆ ಗೊತ್ತು ಅಂತ ಕೇಳಬೇಡ. ನಟರನ್ನು ನೋಡಿದವನು ನಾನು.

ತೆಗೆಯಬೇಡ. ಅವನ ಪರವಾಗಿ ಹೇಳುತ್ತಿದ್ದೇನೆ.

ಹಲ್ಲು ಪೊಟ್ಟಣ ಮಾಡಿ ಕಳಿಸಿದ್ದೇನೆ. ಅರದಿಂದ ಉಜ್ಜಿದ್ದು ಒಂದೇ ಸಲ.

ಅಣ್ಣ


ಮಾರ್ಚ್ ೯

ಅಣ್ಣಾ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗಾದೆ ಸುಮ್ಮನೆ ನೆನಪಾಯಿತು, ಬರೆದೆ.

ಪಿಸು ತೆಗೆಯುವುದಿಲ್ಲ. ತೆಗೆದರೂ ಏನೂ ಆಗುತ್ತಿರಲಿಲ್ಲ, ದಡ್ಡಾ. ಒಮ್ಮೆ ಇಳಿಸಿಕೊಂಡವರ ಫೋನಿನಲ್ಲಿ ಅದು ಇದ್ದೇ ಇರುತ್ತದೆ. ನಾನು ಸತ್ತರೂ ಇರುತ್ತದೆ. "ಯಾರು ಬೇಕಾದರೂ ತೆಗೆದುಕೊಳ್ಳಿ" ಅನ್ನುವ ಸಾಲನ್ನು ನೋಡಿ ಬೀದಿ ನಲ್ಲಿ ಅಂದೆಯಲ್ಲ. ಅದರ ಅರ್ಥ ಇಷ್ಟೇ, ಕೊಟ್ಟವಳು ಮುನಿಸಿಕೊಂಡರೂ ವಾಪಸು ಕಿತ್ತುಕೊಳ್ಳಲಾಗದ ಹಾಗೆ ಕೊಡುವುದು. ನಿನಗೆ ಇದು ಅರ್ಥವಾಗುವುದು ಕಷ್ಟ. ನೀನು ಇವತ್ತಿನವರೆಗೂ ಯಾರಿಗೂ ಒಂದು ಪಾತ್ರ ಬಿಟ್ಟುಕೊಟ್ಟವನಲ್ಲ. ಒಂದೇ ಒಂದು ಸಲ ದಾಸಿಯ ಪಾತ್ರಕ್ಕಾದರೂ ನಿಲ್ಲಿಸು ಅಂತ ನಾನು ಅತ್ತಾಗ ಏನಂದೆ? "ಇವಳನ್ನ ನಿಲ್ಸಿದ್ರೆ ಕಂಬಕ್ಕೂ ಅವಮಾನ." ಎಲ್ಲರೂ ನಕ್ಕರು. ಪಿಸುಮಾಸ್ತರರು ಮಾತ್ರ ನಗಲಿಲ್ಲ. "ಬಾ ಪುಟ್ಟಿ, ಇಲ್ಲಿಂದ ಚೆನ್ನಾಗಿ ಕಾಣ್ಸುತ್ತೆ" ಅಂತ ತಮ್ಮ ಸ್ಟೂಲಿನ ಪಕ್ಕ ನೆಲದ ಮೇಲೆ ಕೂರಿಸಿಕೊಂಡರು.

ಅಲ್ಲಿಂದ ನಿನ್ನ ಮುಖ ಕಾಣಿಸುತ್ತಿರಲಿಲ್ಲ, ಅಣ್ಣ. ಪಾದ ಕಾಣಿಸುತ್ತಿತ್ತು.

ಆ ಪಾದ ಏನು ಮಾಡುತ್ತಿತ್ತೆಂದು ಲೋಕದಲ್ಲಿ ಮೂವರಿಗೇ ಗೊತ್ತು. ಅವರಲ್ಲಿ ಒಬ್ಬರು ತೀರಿಕೊಂಡರು. ಬೇಕೆಂದೇ ನಿಲ್ಲುವ ಮೌನಕ್ಕೆ ಮೊದಲು ಬಲಗಾಲಿನ ಹಿಮ್ಮಡಿಯಿಂದ ಹಲಗೆಯ ಮೇಲೆ ಒಂದು ಬಡಿತ. ಜನರಿಗೆ ಅದು ಸೇನಾಪತಿಯ ಗತ್ತು. ಪಿಸುಮಾಸ್ತರರಿಗೆ ಅಪ್ಪಣೆ: "ಬಾಯಿ ಮುಚ್ಚು. ನನಗೆ ನೆನಪಿದೆ." ಬಡಿತ ಕೇಳಿದ ಕೂಡಲೇ ಅವರು ಪುಸ್ತಕದ ಮೇಲೆ ಅಂಗೈ ಇಟ್ಟುಬಿಡುತ್ತಿದ್ದರು.

ಈಗ ಪಿಸುವಿಗೂ ಅದನ್ನೇ ಕಲಿಸಿದ್ದೇನೆ. ಅಡುಗೆಮನೆಯಲ್ಲಿ ಹಲಗೆ ಹಾಸಿ, ಊರಿನಿಂದ ಎತ್ತಿ ತಂದಿದ್ದ ನಿನ್ನ ಹಳೇ ಬೂಟು ಮೆಟ್ಟಿ, ಬಡಿದು ಬಡಿದು ಕೇಳಿಸಿದೆ. ಈ ಸಲ ಪಕ್ಕದ ಮನೆಯಾಕೆ ಔಷಧ ತರಲಿಲ್ಲ, ಬಾಗಿಲಿಂದಲೇ ಇಣುಕಿ ಹೋದಳು. ಹಿಮ್ಮಡಿಯ ಸದ್ದು ಕೇಳಿದರೆ, ನಟನ ಬಾಯಿಂದ ಮತ್ತೊಂದು ಪದ ಹೊರಡುವ ತನಕ ಪಿಸು ತುಟಿ ಬಿಚ್ಚುವುದಿಲ್ಲ. ಕಣಜವನ್ನೂ ಓಡಿಸಿದ್ದೇನೆ, ಇಡೀ ನಾಟಕಕ್ಕೆ ಬೇರೆ ದನಿ ಹಾಕಿದ್ದೇನೆ. ಪರದೆ ಹಿಂದಿನವನು ಹೊಸದನ್ನು ಇಳಿಸಿಕೊಳ್ಳಲಿ.

ಒಂದು ಎಚ್ಚರಿಕೆಯನ್ನು ನೀನೇ ಅವನಿಗೆ ತಿಳಿಸು, ನಿಮ್ಮಿಬ್ಬರ ಮನಸ್ಸು ಅಷ್ಟು ಹತ್ತಿರವಲ್ಲವೇ. ನಿಜವಾಗಿ ಮರೆತಾಗ ಹಿಮ್ಮಡಿ ಬಡಿಯಬಾರದು. ಬಡಿದರೆ ಪಿಸು ನಂಬಿಬಿಡುತ್ತದೆ. ಯಾವ ಬಡಿತ ನೆನಪಿನದು, ಯಾವುದು ಬರೀ ಜಂಬದ್ದು ಅಂತ ನನ್ನ ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಹೊಸ ಹಲ್ಲು ಇದರ ಜೊತೆ ಇದೆ. ಅರ ಎಲ್ಲಿದೆಯೋ ಅಲ್ಲೇ ಇರಲಿ.

ತಂಗಿ


ಮಾರ್ಚ್ ೨೧

ತಂಗೀ,

ಕೂತು ಓದು. ನಿಂತು ಓದುವ ಕಾಗದವಲ್ಲ ಇದು.

ಮಂದಿರ ತುಂಬಿತ್ತು. ಗೋಡೆಗೆ ಹೊಸ ಸುಣ್ಣದ ವಾಸನೆ, ಕುರ್ಚಿಗಳಿಗೆ ಹೊಸ ಬಟ್ಟೆ, ದೀಪದವನಿಗೆ ಹೊಸ ದೀಪ, ಹಳೇ ಬುದ್ಧಿ. ಬಣ್ಣದ ಕೋಣೆಯಲ್ಲಿ ಪಿಸುಮಾಸ್ತರರ ಪಟದ ಕೆಳಗೆ ಕೂತು ಮೀಸೆ ಅಂಟಿಸಿಕೊಂಡೆ. ದೀಪದವನು ಬಾಗಿಲು ಹಾಕಿ, ನಿನ್ನ ಹೊಸ ಪಿಸುವನ್ನು ಫೋನಿಗೆ ಇಳಿಸಿ, ಸೊಂಟಪಟ್ಟಿಗೆ ಸಿಕ್ಕಿಸಿ, ಗುಂಡಿಯನ್ನು ಟೋಪನ್ನಿನ ಕೂದಲ ಅಡಿಯಲ್ಲಿ ಕಿವಿಗೆ ಇಟ್ಟ. ಹೌದು. ಇಟ್ಟ. ಪರದೆ ಹಿಂದಿನವನ ಕಥೆಯನ್ನು ನೀನು ಯಾವತ್ತೋ ಅರಿತಿದ್ದೀ, ನಾನು ಯಾವತ್ತೋ ಹೇಳಿದ್ದೇನೆ, ಇಬ್ಬರೂ ಬಾಯಿ ಬಿಟ್ಟಿಲ್ಲ. ಸಾಕು.

ಮೊದಲ ಅಂಕ, ಸಿಂಹ! ಎರಡನೇ ಅಂಕ, ಸಿಂಹ! ಒಂದು ಪದವೂ ತಡವರಿಸಲಿಲ್ಲ, ಪಿಸುವಿಗೆ ಬಾಯಿ ತೆರೆಯುವ ಅವಕಾಶವನ್ನೇ ಕೊಡಲಿಲ್ಲ. ಹೊಸ ಹಲ್ಲು ಶಿಳ್ಳೆ ಹಾಕಲಿಲ್ಲ. ಮುಂದಿನ ಸಾಲಿನಲ್ಲಿ ಮಗಳು ಕೈ ಕೈ ಹಿಸುಕಿಕೊಂಡು ಕೂತಿದ್ದಳು. ಅವಳನ್ನು ನೋಡಿ ನನಗೆ ತಿರಸ್ಕಾರವೇ ಬಂತು. ನನ್ನನ್ನು ಯಾರೆಂದುಕೊಂಡಿದ್ದಾಳೆ?

ಮೂರನೇ ಅಂಕ. ರಾಜ ಎದ್ದ. "ಬಾಗಿಲು ತೆರೆದವರು ಯಾರು?"

ನಾನು ನಿಂತೆ. ಎಂದಿನ ಹಾಗೆ ಎದೆ ಎತ್ತಿ ನಿಂತೆ. ನಿಂತ ಮೇಲೆ ನೋಡಿದೆ, ಒಳಗೆ ಏನೂ ಇಲ್ಲ. ಎರಡು ಪದ, ತಂಗಿ. ಎರಡೇ ಪದ. ಇಲ್ಲ. ತಿಜೋರಿ ತೆರೆದರೆ ಬರೀ ತಗಡು. ಆ ಕ್ಷಣಕ್ಕೆ ನಾನೇನು ಮಾಡಬೇಕಿತ್ತು? ಏನೂ ಮಾಡದೆ ಸುಮ್ಮನೆ ನಿಲ್ಲಬೇಕಿತ್ತು, ಪಿಸು ಹೇಳುತ್ತಿತ್ತು. ನಾನೇನು ಮಾಡಿದೆ? ಹಿಮ್ಮಡಿ ಬಡಿದೆ! ಹಲಗೆ ಅದುರುವ ಹಾಗೆ ಬಡಿದೆ! ಮರೆತದ್ದು ಯಾರಿಗೂ ಗೊತ್ತಾಗಬಾರದು, ನಿನ್ನ ಯಂತ್ರಕ್ಕೂ ಗೊತ್ತಾಗಬಾರದು ಎಂದು ಬಡಿದೆ.

ನಿನ್ನ ಯಂತ್ರ ನಂಬಿತು.

ಆಹಾ, ಎಂಥ ಮೌನ! ಅಷ್ಟು ದೊಡ್ಡ ಮೌನವನ್ನು ನಾನು ಜನ್ಮದಲ್ಲಿ ಮಾಡಿಲ್ಲ. ಜನ ಉಸಿರು ಹಿಡಿದರು. ಮತ್ತೂ ಹಿಡಿದರು. ಅಳಿಯ ಸಿಂಹಾಸನದ ಕೈ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ, ಅವನ ಕಣ್ಣಲ್ಲಿ ರಾಜ ಇರಲಿಲ್ಲ, ಹೆದರಿದ ಮನೆಯ ಅಳಿಯನಿದ್ದ. ಪುಸ್ತಕದಲ್ಲಿಲ್ಲದ ಮಾತನ್ನು, ನನಗೆ ದಾರಿಯಾಗಲಿ ಎಂದು, ಮೆಲ್ಲಗೆ ಕೇಳಿದ: "ಸೇನಾಪತಿ... ಯಾರು?" ಗಂಟಲಿಲ್ಲದವನು, ಆದರೂ ಕೇಳಿದ.

ಆಗ ನಿನ್ನ ಕಾಗದ ನೆನಪಾಯಿತು. ನಾನೊಂದು ಪದ ಆಡಿದರೆ ಪಿಸುವಿನ ಬಾಯಿ ಬಿಚ್ಚುತ್ತದೆ. ಯಾವುದಾದರೂ ಒಂದು ಪದ. ಆದರೆ ಬಾಯಿ ತೆರೆದರೆ ಆ ಮೌನ ನನ್ನದಲ್ಲ ಎಂದು ಒಪ್ಪಿದ ಹಾಗೆ. ಸಭೆಯ ನಡುವೆ ನಿಂತು ಅಂದೆ, ತಂಗಿ. ಎದುರಿನ ಯಾರಿಗೂ ಅಲ್ಲ, ಬಲಗಡೆ ಸೈಡ್‌ವಿಂಗಿನ ಕತ್ತಲೆಗೆ, ಆ ಖಾಲಿ ಸ್ಟೂಲಿಗೆ ಅಂದೆ:

"ಹೇಳು."

ಕಿವಿಯಲ್ಲಿ ದನಿ ಬಂತು. "ನನ್ನ ಮಗ."

ನಿನ್ನ ದನಿ! ಕೇಳದೆ, ಹೇಳದೆ, ನನ್ನ ತಲೆಯೊಳಕ್ಕೆ ಬಂದು ಕೂತಿದ್ದೀಯಲ್ಲೇ, ಕಳ್ಳೀ! ನಾನು ಕಂಬ ಅಂದವಳನ್ನು ತುಂಬಿದ ಸಭೆಯಲ್ಲಿ ನಾನೇ ಕೈಮುಗಿದು ಕರೆದ ಹಾಗಾಯಿತು. "ನನ್ನ ಮಗ" ಅಂದೆ. ನನ್ನ ದನಿ ಒಡೆಯಿತು. ಅದು ನಟನೆ ಅಲ್ಲ. ಜನ ಎದ್ದು ನಿಂತರು. ಕತ್ತೆಗಳು! ನಾನು ಬಿದ್ದದ್ದಕ್ಕೆ ಚಪ್ಪಾಳೆ!

ಬಣ್ಣದ ಕೋಣೆಗೆ ಅಳಿಯ ಬಂದ. "ಮಾವಾ, 'ಹೇಳು' ಅನ್ನೋದು ಪುಸ್ತಕದಲ್ಲಿ ಇಲ್ವಲ್ಲಾ?"

"ಈಗ ಇದೆ. ಬರ್ಕೋ."

ಬರೆದುಕೊಂಡ, ಪೆದ್ದ. ಆಮೇಲೆ ತಲೆ ಎತ್ತದೆ ಅಂದ, "ಯಾರಿಗೆ ಹೇಳಿದ್ರಿ ಅಂತ ನಂಗೆ ಗೊತ್ತಾಯ್ತು, ಮಾವಾ. ಯಾರಿಗೂ ಹೇಳಲ್ಲ." ಅವನನ್ನು ಹೊಡೆಯಬೇಕೆನಿಸಿತು. ಸೊಂಟಪಟ್ಟಿ ಬಿಚ್ಚಿ ಅವನ ತೊಡೆಯ ಮೇಲೆ ಎಸೆದೆ. "ಇನ್ನೊಂದು ಪ್ರಯೋಗ ನಂದು. ಆಮೇಲೆ ನೀನು ಮಾಡು. ಕೆಡಿಸ್ತೀಯ, ಗೊತ್ತು. ಆದ್ರೂ ಮಾಡು." ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಅಳು, ನನಗೆ ಹಸಿವು. ಮುಗಿಯಿತು.

ಬಾಯಲ್ಲಿರುವ ಹಲ್ಲು ನಿನ್ನದು. ಬಾಯಿಗೆ ಬಂದ ಮಾತೂ ನಿನ್ನದು. ನನ್ನದೆಂದು ಉಳಿದದ್ದು ಹಿಮ್ಮಡಿ ಒಂದು. ಅದು ಮಾಡಿದ ಘನಕಾರ್ಯ ಮೇಲೆ ಬರೆದಿದ್ದೇನೆ.

ಇನ್ನು ನನ್ನ ದೂರು. ಪರದೆ ಹಿಂದಿನವನಿಗೆ ಇನ್ನು ಕೆಲಸವಿಲ್ಲ, ನಾನೇ ಬರೆಯುತ್ತೇನೆ. ನಿನ್ನ ದನಿಯಲ್ಲಿ ಭಾವವಿಲ್ಲ. "ನನ್ನ ಮಗ" ಅನ್ನುವುದನ್ನು ಪ್ಲಾಸ್ಟರ್ ಗಟ್ಟಿಯಾಯಿತು ಅನ್ನುವ ಹಾಗೆ ಹೇಳಿದ್ದೀ. ಏಪ್ರಿಲ್ ಹನ್ನೊಂದಕ್ಕೆ ನನ್ನ ಕಡೆಯ ಪ್ರಯೋಗ. ಆ ಗುಂಡಿ, ಆ ಫೋನು, ಆ ಕೆಮ್ಮು ಗುರುತಿಸುವ ಜಾಣತನ, ಯಾವುದೂ ನನಗೆ ಬೇಡ. ಬಂದು ಹೇಳು. ಹೇಗೆ ಹೇಳಬೇಕೆಂದು ಕಲಿಸುತ್ತೇನೆ. ಕಂಬಕ್ಕೂ ಕಲಿಸಬಲ್ಲೆ ನಾನು.

ಅಣ್ಣ


ಮಾರ್ಚ್ ೩೦

ಅಣ್ಣಾ,

ದೂರು ಓದಿದೆ. ಪರಿಶೀಲಿಸಿದೆ. ಇದು ದೋಷವಲ್ಲ. ಪ್ರಾಂಪ್ಟರಿನ ದನಿಯಲ್ಲಿ ಭಾವವಿರಕೂಡದು, ಭಾವ ನಟನದು. ಪಿಸುಮಾಸ್ತರರು ಹೇಳಿಕೊಟ್ಟದ್ದು. ನಿನಗೆ ಇಷ್ಟೂ ಗೊತ್ತಿಲ್ಲವೆಂದರೆ ಇಷ್ಟು ವರ್ಷ ರಂಗದ ಮೇಲೆ ಏನು ಮಾಡುತ್ತಿದ್ದೆ? ದೂರು ಮುಚ್ಚಲಾಗಿದೆ.

ಪುಸ್ತಕದಲ್ಲಿ "ಹೇಳು" ಸೇರಿಸಿದ್ದೇನೆ. ತಾಣದಲ್ಲಿಯೂ ಹಾಕಿದ್ದೇನೆ, ಯಾರು ಬೇಕಾದರೂ ತೆಗೆದುಕೊಳ್ಳಲಿ.

ಏಪ್ರಿಲ್ ಹತ್ತಕ್ಕೆ ಬರುತ್ತೇನೆ. ಲ್ಯಾಬಿಗೆ ರಜೆ ಬರೆದಿದ್ದೇನೆ. ಕಲಿಸಲಿಕ್ಕೆ ಹೊರಡಬೇಡ; ಸ್ಟೂಲಿನ ಧೂಳು ಒರೆಸಿಡು, ಅಷ್ಟು ಸಾಕು. ಈ ಸಲ ನೆಲದ ಮೇಲೆ ಕೂರುವುದಿಲ್ಲ.

ಮತ್ತೆ ಕೇಳು. ಮರೆತಾಗ ಹಿಮ್ಮಡಿ ಬಡಿಯುತ್ತೀ, ನಿನ್ನ ಬುದ್ಧಿ ನನಗೆ ಗೊತ್ತು. ಬಡಿ. ಯಂತ್ರ ನಂಬಿತು, ನಾನು ನಂಬುವುದಿಲ್ಲ.

ತಂಗಿ